ಹಿರಿಯ ದಂಪತಿಗೆ ಕರುಳಿನ ಕಾಳಜಿ: ಮರೆವಿನ ಕಾಯಿಲೆಯ ಅಪಾಯ ತಗ್ಗಿಸಲು ಎಲ್ಲಿಂದ ಆರಂಭಿಸಬೇಕು?

ಒಂದೇ ಅಡುಗೆ ಉಂಡು ಒಂದೇ ಸೂರಿನಡಿ ಬಾಳುವವರು ಕರುಳಿನ ಸೂಕ್ಷ್ಮಾಣುಗಳನ್ನೂ ಹಂಚಿಕೊಳ್ಳುತ್ತಾರೆ. ಒಂದೇ ಮನೆಯಲ್ಲಿರುವವರ ಕರುಳಿನಲ್ಲಿ ಸುಮಾರು ಶೇ 12ರಷ್ಟು ಸೂಕ್ಷ್ಮಾಣು ತಳಿಗಳು ಸಮಾನವಾಗಿರುತ್ತವೆ ಎಂದು 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ನಾವು ತಿನ್ನುವ ನಾರಿನಂಶದಿಂದ ಈ ಜೀವಿಗಳು ತಯಾರಿಸುವ ಬ್ಯುಟಿರೇಟ್‌ನಂತಹ ಆಮ್ಲಗಳು ಕರುಳಿನ ಒಳಪದರವನ್ನು ಪೋಷಿಸಿ, ಉರಿಯೂತವನ್ನು ತಗ್ಗಿಸಲು ನೆರವಾಗುತ್ತವೆ. ಹಾಗೆಂದು ಕರುಳು ಕೆಟ್ಟರೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಬರುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. 2024ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ತಜ್ಞರ ಆಯೋಗ ಪಟ್ಟಿ ಮಾಡಿದ, ಡಿಮೆನ್ಷಿಯಾದ ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಕರುಳು ಇಲ್ಲ. ಆದರೆ ರಕ್ತದೊತ್ತಡ, ಮಧುಮೇಹ, ಕೆಟ್ಟ ಕೊಲೆಸ್ಟ್ರಾಲ್ ಇವೆ. ಕರುಳಿಗೆ ಒಗ್ಗುವ ಊಟ ಈ ಮೂರನ್ನೂ ಹಿಡಿತದಲ್ಲಿಡಲು ನೆರವಾಗುವುದರಿಂದ ಅದನ್ನು ರೂಢಿಸಿಕೊಳ್ಳುವುದು ವಿವೇಕ.

ಮೊದಲು ನೋಡಬೇಕಾದದ್ದು ತಟ್ಟೆಯನ್ನಲ್ಲ, ಮಾತ್ರೆಯ ಡಬ್ಬಿಯನ್ನು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮತ್ತು ಗ್ಯಾಸ್ಟ್ರಿಕ್ ಎಂದು ವರ್ಷಾನುಗಟ್ಟಲೆ ನುಂಗುವ ಮಾತ್ರೆಗಳು ದೇಹದಲ್ಲಿ ಬಿ12 ಜೀವಸತ್ವವನ್ನು ಕುಗ್ಗಿಸಬಲ್ಲವು. ಸಸ್ಯಾಹಾರಿಗಳಲ್ಲಿ ಈ ಕೊರತೆ ಮೊದಲೇ ಹೆಚ್ಚು. ಬಿ12 ಕೊರತೆಯಿಂದಲೇ ಮರೆವು ಕಾಣಿಸಬಹುದು, ಬೇಗ ಪತ್ತೆಯಾದರೆ ಅದು ಸರಿಹೋಗಲೂಬಹುದು. ಅಲರ್ಜಿಗೆ, ಪದೇ ಪದೇ ಬರುವ ಮೂತ್ರಕ್ಕೆ ಕೊಡುವ ಕೆಲವು ಔಷಧಗಳು ಮಲಬದ್ಧತೆಯ ಜೊತೆಗೆ ಮಂಕನ್ನೂ ತರುತ್ತವೆ. ಆದ್ದರಿಂದ ಇಬ್ಬರ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಎರಡನೆಯದು ಊಟ. ಹಲ್ಲು ಸಡಿಲವಾದಂತೆ ಅನ್ನ, ತಿಳಿಸಾರಿಗಷ್ಟೇ ಇಳಿಯುವುದು ನಮ್ಮ ಹಿರಿಯರ ವಾಡಿಕೆ. ನಾರು ಅಲ್ಲಿಯೇ ತಪ್ಪಿಹೋಗುತ್ತದೆ. ಅಗಿಯದೆ ನುಂಗಬಹುದಾದ ರಾಗಿ ಮುದ್ದೆ ಇದಕ್ಕೆ ಒಳ್ಳೆಯ ಪರಿಹಾರ (ನುಂಗಲು ತೊಂದರೆ ಇರುವವರಿಗೆ ರಾಗಿ ಅಂಬಲಿಯೇ ಸುರಕ್ಷಿತ). ಬಸ್ಸಾರು ಮಾಡಿದಾಗ ಬಸಿದ ಕಟ್ಟನ್ನಷ್ಟೇ ಉಂಡು ಹುರುಳಿಕಾಳನ್ನೂ ಸೊಪ್ಪನ್ನೂ ಬದಿಗೆ ಸರಿಸಿದರೆ ಪ್ರಯೋಜನವಿಲ್ಲ. ಅವನ್ನು ಚೆನ್ನಾಗಿ ಬೇಯಿಸಿ, ನುರಿದು, ಒಗ್ಗರಣೆ ಹಾಕಿ ಬಡಿಸಿ. ಇಡ್ಲಿ ಹಿಟ್ಟು ಹುದುಗಿದ್ದರೂ ಅದರಲ್ಲಿನ ಜೀವಿಗಳು ಹಬೆಯಲ್ಲಿ ಸಾಯುತ್ತವೆ, ಹಾಗಾಗಿ ಜೀವಂತ ಸೂಕ್ಷ್ಮಾಣುಗಳಿಗೆ ಉಪ್ಪು ಕಡಿಮೆ ಹಾಕಿದ ಮನೆಯ ಮಜ್ಜಿಗೆಯೇ ಮೇಲು. ಇಂಥ ಜೀವಿಗಳನ್ನೇ ತುಂಬಿದ ದುಬಾರಿ ಪ್ರೊಬಯಾಟಿಕ್ ಕ್ಯಾಪ್ಸೂಲುಗಳ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ನಾರಿನ ಪುಡಿಯ ಮಾತೂ ಅಷ್ಟೇ: 60 ದಾಟಿದ 36 ಅವಳಿ ಜೋಡಿಗಳ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನವರು 12 ವಾರ ನಡೆಸಿದ ಪ್ರಯೋಗದಲ್ಲಿ ನಾರಿನ ಪುಡಿ ಪಡೆದವರು ನೆನಪಿನ ಪರೀಕ್ಷೆಯಲ್ಲಿ ಮುಂದಿದ್ದರು ನಿಜ, ಆದರೆ ಅದು ಡಿಮೆನ್ಷಿಯಾ ತಡೆದ ಪುರಾವೆಯಲ್ಲ.

ನಾರನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ಇಲ್ಲವಾದರೆ ಹೊಟ್ಟೆಯುಬ್ಬರ ತಪ್ಪದು. ರಾತ್ರಿ ಏಳಬೇಕಾಗುತ್ತದೆಂದು ನೀರನ್ನೇ ಬಿಡುವ ಬದಲು ಹೆಚ್ಚಿನ ಪಾಲನ್ನು ಸಂಜೆಯೊಳಗೆ ಕುಡಿಯಿರಿ. ಹೃದಯ, ಮೂತ್ರಪಿಂಡದ ತೊಂದರೆಯಿರುವವರು ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಊಟದ ನಂತರ ಇಬ್ಬರೂ ಸ್ವಲ್ಪ ಹೊತ್ತು ನಡೆದರೆ ಸಕ್ಕರೆಗೂ ಕರುಳಿಗೂ ಒಳ್ಳೆಯದು.

ಒಬ್ಬರಿಗೆ ಈಗಾಗಲೇ ಕಾಯಿಲೆಯಿದ್ದರೆ ಇನ್ನೊಬ್ಬರನ್ನು ಮರೆಯಬಾರದು. ಅಮೆರಿಕದ ಯೂಟಾ ರಾಜ್ಯದಲ್ಲಿ 1,221 ದಂಪತಿಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಗೆ ಡಿಮೆನ್ಷಿಯಾ ಇದ್ದವರಲ್ಲಿ ಅದೇ ಕಾಯಿಲೆಯ ಅಪಾಯ ಆರು ಪಟ್ಟು ಕಂಡಿತು. ಆರೈಕೆಯ ಒತ್ತಡವೇ ಕಾರಣವಿರಬಹುದೆಂದು ಸಂಶೋಧಕರು ಶಂಕಿಸಿದರು. ಆರೈಕೆ ಮಾಡುವವರು ನಿಂತಲ್ಲೇ ಉಳಿದದ್ದನ್ನು ತಿಂದು ಮುಗಿಸದೆ ಹೊತ್ತಿಗೆ ಸರಿಯಾಗಿ ಕೂತು ಉಣ್ಣುವಂತೆ ಮಕ್ಕಳು ನೋಡಿಕೊಳ್ಳಬೇಕು. ಪರಿಚಿತ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಕಂಡುಬಂದರೆ ಊಟದ ಬದಲಾವಣೆಯನ್ನೇ ನಂಬಿ ಕಾಯದೆ ನಿಮ್ಹಾನ್ಸ್‌ಗೋ ಸಮೀಪದ ನರರೋಗ ತಜ್ಞರ ಬಳಿಗೋ ಕರೆದೊಯ್ಯಿರಿ.