ಇದ್ದಿಲ ಒಲೆಗೆ ಫೈರ್ ಕ್ಲೇ ಮೆತ್ತುವುದು ಹೇಗೆ?

ಬಳ್ಳಾರಿಯಲ್ಲಿ ಮಿರ್ಚಿ ಅಂಗಡಿ ಇಟ್ಟಿರುವ ನಮ್ಮ ಚಿಕ್ಕಪ್ಪನ ಒಲೆ ಹದಿನೈದೇ ದಿನಕ್ಕೆ ಒಳಗಿನಿಂದ ಚಕ್ಕೆ ಚಕ್ಕೆಯಾಗಿ ಉದುರಿತು. ಕಾರಣ ಕೇಳಿದರೆ, 'ಗಟ್ಟಿ ಇರ್ಲಿ' ಅಂತ ಮೇಸ್ತ್ರಿ ಫೈರ್ ಕ್ಲೇಗೆ (ಬೆಂಕಿ ತಾಳುವ ಜೇಡಿಮಣ್ಣಿಗೆ) ಎರಡು ಬೊಗಸೆ ಸಿಮೆಂಟ್ ಸೇರಿಸಿದ್ದನಂತೆ. ಕೆಲಸ ಕೆಟ್ಟಿದ್ದೇ ಅಲ್ಲಿ.

ಫೈರ್ ಕ್ಲೇ ಬೆಂಕಿ ತಾಳುವುದು ಅದರಲ್ಲಿ ಏನಿಲ್ಲ ಎಂಬುದರಿಂದಲೂ ಹೌದು. ಶುದ್ಧ ಜೇಡಿಯಲ್ಲಿ ಸಿಲಿಕಾ ಶೇ 46.5, ಅಲ್ಯುಮಿನಾ ಶೇ 39.5, ಉಳಿದ ಶೇ 14 ನೀರು. ಫೈರ್ ಕ್ಲೇ ಇದಕ್ಕೆ ಹತ್ತಿರ. ಅಲ್ಯುಮಿನಾ ಜಾಸ್ತಿಯಾದಷ್ಟೂ ತಾಳಿಕೆ ಜಾಸ್ತಿ. ಒಳ್ಳೆಯದು 1500 ಡಿಗ್ರಿ ಸೆಲ್ಸಿಯಸ್‌ಗೂ ಜಗ್ಗುವುದಿಲ್ಲ. ಕಬ್ಬಿಣದ ತುಕ್ಕು, ಸುಣ್ಣ, ಸೋಡಾ ಸೇರಿದರೆ ಮಾತ್ರ ಬೇಗ ಕರಗುತ್ತದೆ. ಕಬ್ಬಿಣದಂಶ ತುಂಬಿದ ಸಂಡೂರಿನ ಕೆಂಪು ಮಣ್ಣು ಇದಕ್ಕೆ ಆಗದಿರುವುದು ಅದಕ್ಕೇ. ಸಿಮೆಂಟಿನಲ್ಲಿ ಇರುವುದೂ ಸುಣ್ಣವೇ ಅಲ್ವಾ? ಅದರ ಹಿಡಿತ ಬೆಂಕಿಗೆ ಸಡಿಲವಾಗುತ್ತದೆ.

ಈಗ ಕೆಲಸ. ಒಂದು ಪಾಲು ಫೈರ್ ಕ್ಲೇ ಪುಡಿಗೆ ಎರಡು ಪಾಲು ಗ್ರಾಗ್ ಹಾಕಿ. ಗ್ರಾಗ್ ಅಂದರೆ ಫೈರ್ ಬ್ರಿಕ್ (ಫೈರ್ ಕ್ಲೇ ಸುಟ್ಟು ಮಾಡಿದ ಇಟ್ಟಿಗೆ) ಕುಟ್ಟಿದ ತರಿ. ಒಮ್ಮೆ ಸುಟ್ಟ ಮಣ್ಣಾದ್ದರಿಂದ ಮತ್ತೆ ಕುಗ್ಗುವುದಿಲ್ಲ, ಲೇಪ ಬಿರಿಯುವುದನ್ನು ತಡೆಯುತ್ತದೆ. ತುಂಗಭದ್ರೆಯ ಮರಳು ಸುಲಭವಾಗಿ ಸಿಗುತ್ತದೆ ಅಂತ ಅದನ್ನು ಹಾಕಬೇಡಿ. ಮರಳಿನಲ್ಲಿರುವ ಬೆಣಚುಕಲ್ಲಿನ ಹರಳು 573 ಡಿಗ್ರಿಗೆ ತಟಕ್ಕನೆ ಉಬ್ಬುತ್ತದೆ. ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿ, ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೇಡು.

ರೊಟ್ಟಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಒದ್ದೆ ಗೋಣಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದು ಪಟ್ಟಿ ತಟ್ಟಿ, ಅದರ ಮೇಲೆ 10 ಸೆಂ.ಮೀ. ಗೆರೆ ಕೊರೆಯಿರಿ. ಒಣಗಿದ ಮೇಲೆ ಅಳೆದಾಗ 9.4 ಬಂದರೆ ಶೇ 6 ಕುಗ್ಗಿದೆ ಎಂದರ್ಥ. ಅಷ್ಟು ಕುಗ್ಗಿದರೆ ಇನ್ನಷ್ಟು ಗ್ರಾಗ್ ಬೇಕು.

ಒಲೆಯ ಗೋಡೆಗೆ ನೀರು ಚಿಮುಕಿಸಿ, ಒಂದಿಂಚು ದಪ್ಪ ಒತ್ತಿ ಮೆತ್ತಿ. ಬಳ್ಳಾರಿ ಬಿಸಿಲಿಗೆ ಇಡಬೇಡಿ, ಒಂದೇ ತಾಸಿಗೆ ಮೇಲ್ಮೈ ಸೀಳುತ್ತದೆ. ನೆರಳಲ್ಲಿ ವಾರ ಒಣಗಲಿ. ಮೊದಲ ದಿನ ಹಿಡಿ ಇದ್ದಿಲು ಸಾಕು, ಬ್ಲೋವರ್ ಬೇಡ. ಒಳಗೆ ನೀರು ಉಳಿದಿದ್ದರೆ ಆವಿಯಾಗಿ ಲೇಪವನ್ನೇ ಸಿಡಿಸುತ್ತದೆ. ಮೂರ್ನಾಲ್ಕು ದಿನ ಬೆಂಕಿ ಸ್ವಲ್ಪ ಸ್ವಲ್ಪವೇ ಏರಿಸಿ.

ಆರಿದ ಮೇಲೆ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಟಣ್ ಅಂದರೆ ಮಿರ್ಚಿ ಹಾಕಬಹುದು. ಡಬ್ ಅಂದರೆ ಒಳಗೆ ಲೇಪ ಗೋಡೆ ಬಿಟ್ಟಿದೆ, ಅಷ್ಟು ಜಾಗ ಕೆತ್ತಿ ಮತ್ತೆ ಮೆತ್ತಿ.