ವಾಲ್ವ್ ಕ್ಯಾಪ್ ಸೆನ್ಸರ್: ಸಣ್ಣ ಕಾರಿಗೆ ನಾನೇ ಹಾಕಿಕೊಂಡ ಬಗೆ

ಟೈರ್ ಬಿಚ್ಚದೆ, ವಾಲ್ವಿನ ಕ್ಯಾಪ್ ಜಾಗಕ್ಕೆ ಹೊರಗಿನಿಂದ ಹಾಕುವ ಟಿಪಿಎಂಎಸ್ (ಟೈರಿನ ಗಾಳಿಯ ಒತ್ತಡ ಅಳೆದು ತೋರಿಸುವ ವ್ಯವಸ್ಥೆ) ಕಿಟ್ ಅರ್ಧ ಗಂಟೆಯ ಕೆಲಸ. ನಾಲ್ಕು ಸೆನ್ಸರ್, ನಾಲ್ಕು ಲಾಕ್ ನಟ್, ಚಪ್ಪಟೆ ಸ್ಪ್ಯಾನರ್, ಒಂದು ಡಿಸ್‌ಪ್ಲೇ. ಆದರೆ ಪೆಟ್ಟಿಗೆ ತೆರೆಯುವ ಮೊದಲು ಕಾರಿನ ವಾಲ್ವ್‌ಗಳನ್ನು ನೋಡಿ. ರಬ್ಬರ್ ವಾಲ್ವನ್ನು ಬೆರಳಿನಿಂದ ಬಗ್ಗಿಸಿದಾಗ ಬುಡದಲ್ಲಿ ಬಿರುಕು ಕಂಡರೆ ಮೊದಲು ಅದನ್ನು ಬದಲಾಯಿಸಿ. ಸೆನ್ಸರ್ ತೂಕ ಹತ್ತು ಗ್ರಾಂ ಅಂದುಕೊಳ್ಳಿ; 14 ಇಂಚಿನ ಚಕ್ರ ಗಂಟೆಗೆ 80 ಕಿ.ಮೀ. ವೇಗದಲ್ಲಿ ತಿರುಗುವಾಗ ಅದೇ ಹತ್ತು ಗ್ರಾಂ ಹತ್ತಿರ ಹತ್ತಿರ ಒಂದು ಕೆಜಿಯಷ್ಟು ಜಗ್ಗುತ್ತದೆ. ಹಳೇ ರಬ್ಬರ್ ಅದನ್ನು ತಡೆಯುವುದಿಲ್ಲ.

ಬೆಳಿಗ್ಗೆ, ಗಾಡಿ ಓಡಿಸುವ ಮೊದಲೇ, ಚಾಲಕನ ಬಾಗಿಲ ಕಂಬದ ಸ್ಟಿಕ್ಕರ್ ಹೇಳುವಷ್ಟು ಗಾಳಿ ಹಾಕಿಕೊಳ್ಳಿ. ನನ್ನದಕ್ಕೆ 32 ಪಿಎಸ್‌ಐ. ವಾಲ್ವ್‌ಗೆ ಮೊದಲು ಲಾಕ್ ನಟ್ಟನ್ನು ಕೆಳಗಿನವರೆಗೂ ತಿರುಗಿಸಿ, ಮೇಲೆ ಸೆನ್ಸರನ್ನು ಕೈಯಲ್ಲೇ ಬಿಗಿ ಮಾಡಿ, ನಂತರ ನಟ್ಟನ್ನು ವಾಪಸ್ ಮೇಲಕ್ಕೆ ತಂದು ಸೆನ್ಸರ್‌ಗೆ ಒತ್ತಿ ನಿಲ್ಲಿಸಿ. ಪಕ್ಕಡ್ ಹಿಡಿದು ಬಿಗಿದರೆ ಒಳಗಿನ ರಬ್ಬರ್ ರಿಂಗ್ ಕತ್ತರಿಸಿಹೋಗುತ್ತದೆ.

ಆ ರಿಂಗಿನ ಮೇಲೇ ಎಲ್ಲ ನಿಂತಿದೆ. ಮಾಮೂಲಿ ಕ್ಯಾಪ್ ಬಿದ್ದುಹೋದರೂ ಗಾಳಿ ಹೋಗುವುದಿಲ್ಲ, ಏಕೆಂದರೆ ಒಳಗಿನ ಪಿನ್ ಮುಚ್ಚಿಕೊಂಡಿರುತ್ತದೆ. ಈ ಸೆನ್ಸರ್ ಒತ್ತಡ ಅಳೆಯಲು ಆ ಪಿನ್ನನ್ನೇ ಒತ್ತಿ ತೆರೆದಿಡುತ್ತದೆ. ಅಂದರೆ ಟೈರಿನ ಗಾಳಿಯನ್ನು ತಡೆದಿರುವುದು ವಾಲ್ವ್ ಅಲ್ಲ, ಒಂದು ತೆಳು ರಿಂಗ್. ಹಾಗಾಗಿ ಹಾಕಿದ ಕೂಡಲೇ ಸೋಪಿನ ನೀರು ಹಚ್ಚಿ ಎರಡು ನಿಮಿಷ ಕಾಯಿರಿ. ಒಂದೇ ಒಂದು ಗುಳ್ಳೆ ಬಂದರೂ ಬಿಚ್ಚಿ, ದೂಳು ಒರೆಸಿ, ರಿಂಗ್ ಸರಿಯಾಗಿ ಕೂತಿದೆಯೇ ನೋಡಿ ಮತ್ತೆ ಹಾಕಿ. ಬೇಕಾದರೆ ಸಿಲಿಕೋನ್ ಗ್ರೀಸ್ ಒಂದು ಚೂರು. ಬೇರಿಂಗ್ ಗ್ರೀಸ್ ಬೇಡ, ಕೆಲವು ಬಗೆಯ ರಬ್ಬರ್ ಅದಕ್ಕೆ ಉಬ್ಬುತ್ತದೆ. ಪಂಕ್ಚರ್ ಪತ್ತೆಗೆಂದು ಹಾಕಿದ ಸಾಧನವೇ ಗಾಳಿ ಬಿಡುವುದು ಹೆಚ್ಚಾಗಿ ಇಲ್ಲೇ.

ಅಲಾರಂ ಕೆಳಮಿತಿ 26, ಮೇಲ್ಮಿತಿ 42 ಇಟ್ಟಿದ್ದೇನೆ. ಟೈರಿನೊಳಗೆ 10 ಡಿಗ್ರಿ ಬಿಸಿ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಹೆದ್ದಾರಿಯಲ್ಲಿ 32 ಇದ್ದದ್ದು 37 ತೋರಿಸುವುದು ಸಹಜ. ಅದನ್ನು ನೋಡಿ ದಾರಿಯಲ್ಲಿ ನಿಲ್ಲಿಸಿ ಗಾಳಿ ಬಿಡಬೇಡಿ, ಬಿಟ್ಟು 32ಕ್ಕೆ ತಂದರೆ ಮರುದಿನ ಬೆಳಿಗ್ಗೆ 27ಕ್ಕೆ ಇಳಿದಿರುತ್ತದೆ.

ಡಿಸ್‌ಪ್ಲೇ ಸೌರಶಕ್ತಿಯದಾದರೆ ಬೇಸಿಗೆಯಲ್ಲಿ ಕಾರು ಬಿಸಿಲಿಗೆ ನಿಂತಾಗ ಡ್ಯಾಶ್‌ಬೋರ್ಡಿನಿಂದ ತೆಗೆದಿಡಿ, ಒಳಗಿನ ಬ್ಯಾಟರಿ ಉಬ್ಬುತ್ತದೆ. ಸೆನ್ಸರ್‌ಗಳಲ್ಲಿ ಇರುವುದು ಸಾಮಾನ್ಯವಾಗಿ ಸಿಆರ್ 1632 ಬಿಲ್ಲೆ ಬ್ಯಾಟರಿ. ಕರಾವಳಿಯವರು ಎರಡು ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ ಹಾಕಿ, ಇಲ್ಲದಿದ್ದರೆ ತಿರುಪಿನ ಮರೆ (ಥ್ರೆಡ್) ತುಕ್ಕು ಹಿಡಿದು ವಾಲ್ವ್ ಸಮೇತ ಕತ್ತರಿಸಬೇಕಾದೀತು.

ಟೈರ್ ಹಿಂದುಮುಂದು ಬದಲಿಸಿದಾಗ ಸೆನ್ಸರ್‌ಗಳನ್ನು ಅವವುಗಳ ಜಾಗಕ್ಕೆ ಮರಳಿಸಿ. ಸ್ಟೆಪ್ನಿಗೆ ಐದನೆಯದು ಕಿಟ್‌ನಲ್ಲಿ ಬರುವುದಿಲ್ಲ. ಅದರ ಗಾಳಿಯನ್ನು ಈಗಲೂ ಗೇಜ್ ಹಿಡಿದೇ ನೋಡುತ್ತೇನೆ.