ಜನರೇಟರ್ ಇಲ್ಲದೆ 34 ಗಂಟೆ: ಮಲೆನಾಡಿನ ಮಳೆಗಾಲದಲ್ಲಿ ಫ್ರಿಜ್ ಕಾಪಾಡಿದ ನನ್ನ ಅನುಭವ

ಆರಿದ್ರೆ ಮಳೆ ಹಿಡಿಯಿತೆಂದರೆ ಮೂಡಿಗೆರೆಯಿಂದ ಕೊಟ್ಟಿಗೆಹಾರದವರೆಗೆ ಎಷ್ಟೋ ಮನೆಗಳಲ್ಲಿ ಫ್ರಿಜ್ ಬರೀ ಕಪಾಟು. ಸಿಲ್ವರ್ ಓಕ್ ಮರವೊಂದು ಲೈನ್ ಮೇಲೆ ಒರಗಿದರೆ ಕರೆಂಟ್ ಬರುವುದು ನಾಳೆಯೋ ನಾಡಿದ್ದೋ. ಅದಕ್ಕೇ ಜೂನ್‌ನಲ್ಲಿ ಪ್ಲಗ್ ಕಿತ್ತು, ಬಾಗಿಲ ಸಂದಿಗೆ ಬಟ್ಟೆ ಸಿಕ್ಕಿಸಿ, ಸೆಪ್ಟೆಂಬರ್‌ವರೆಗೆ ಅದರ ಗೊಡವೆಗೇ ಹೋಗದಿರುವುದು ರೂಢಿ. ಅನುಕೂಲಸ್ಥರು ಜನರೇಟರ್ ಎಳೆಯುತ್ತಾರೆ. ಒಂದು ಲೀಟರ್ ಹಾಲು ಉಳಿಸಲು ಎರಡು ಲೀಟರ್ ಪೆಟ್ರೋಲ್.

ಎರಡನ್ನೂ ಬಿಟ್ಟು, 190 ಲೀಟರಿನ ಹಳೆಯ ಒಂಟಿ ಬಾಗಿಲ ಫ್ರಿಜ್‌ನಲ್ಲಿ ಕಳೆದ ಮಳೆಗಾಲ 34 ಗಂಟೆ ಕರೆಂಟಿಲ್ಲದೆ ನಿಭಾಯಿಸಿದ್ದಾಯಿತು. ಉಪಾಯ ಇಷ್ಟೇ: ಕರೆಂಟ್ ಇರುವಾಗ ಬಾಟಲಿ ನೀರನ್ನು ಐಸ್ ಪೆಟ್ಟಿಗೆಯಲ್ಲಿ ಗಟ್ಟಿಮಾಡಿಟ್ಟು, ಹೋದಾಗ ಅದರ ತಂಪಿನಲ್ಲೇ ಕಾಲ ಹಾಕುವುದು. ನಡುವಿನ ತಟ್ಟೆಯಲ್ಲಿಟ್ಟ ಲೋಟದ ನೀರು 5 ಡಿಗ್ರಿ ದಾಟಲಿಲ್ಲ. ‘ಬಾಟ್ಲಿ ನೀರಲ್ಲಿ ಫ್ರಿಜ್ ಓಡ್ತದಾ ಮಾರಾಯ್ರೆ’ ಎಂದು ನಕ್ಕವರೇ ಈಗ ಖಾಲಿ ಬಾಟಲಿ ಕೂಡಿಡುತ್ತಿದ್ದಾರೆ.

ಮಂಜುಗಡ್ಡೆ ಬಾಟಲಿ ಹೊಸ ಸಂಗತಿಯೇನಲ್ಲ, ಎಲ್ಲರಿಗೂ ಗೊತ್ತು. ಆದರೆ ಇಟ್ಟವರಲ್ಲಿ ಬಹುಪಾಲು ಜನ ಸೋತಿದ್ದಾರೆ, ಮೊದಲೆರಡು ವರ್ಷ ನಾನೂ ಸೋತೆ. ಮೊದಲ ತಪ್ಪು ಉಪ್ಪಿನದು. ಉಪ್ಪು ಜಾಸ್ತಿಯಾದಷ್ಟೂ ತಂಪು ಜಾಸ್ತಿ ಎಂಬ ಲೆಕ್ಕದಲ್ಲಿ ಲೀಟರಿಗೆ ಕಾಲು ಕಿಲೋ ಕಲ್ಲುಪ್ಪು ಕರಗಿಸಿ ಇಟ್ಟರೆ ಅದು ಗಟ್ಟಿಯಾಗಲೇ ಇಲ್ಲ. ಆ ಉಪ್ಪುನೀರು ಗಟ್ಟಿಯಾಗತೊಡಗುವುದೇ ಮೈನಸ್ 16ರ ಆಸುಪಾಸು. ಒಂಟಿ ಬಾಗಿಲ ಫ್ರಿಜ್‌ನ ಐಸ್ ಪೆಟ್ಟಿಗೆ ಮೈನಸ್ 10–12ಕ್ಕೆ ಇಳಿದರೆ ಅದೇ ಹೆಚ್ಚು. ನೀರು ಗಟ್ಟಿಯಾಗದಿದ್ದರೆ ಹಿಡಿದಿಡುವ ತಂಪು ತೀರಾ ಕಡಿಮೆ. ಬಾಟಲಿ ಜಾಗ ತಿಂದದ್ದೇ ಬಂತು. ಆಮೇಲೆ ಲೀಟರಿಗೆ 100 ಗ್ರಾಂ ನೋಡಿದೆ. ಗಂಜಿಯಂತೆ ಗಟ್ಟಿಯಾಯಿತು, ಆದರೆ ಅದು ಕರಗುವುದು ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ, ಹಾಗಾಗಿ ಅದಕ್ಕೆ ತಾಗಿಕೊಂಡಿದ್ದ ಹಾಲಿನ ಪ್ಯಾಕೆಟ್ ಕಲ್ಲಾಯಿತು. ಕೊನೆಗೆ ನಿಂತದ್ದು ಹೀಗೆ: ಮೂರರಲ್ಲಿ ಎರಡು ಪಾಲು ಬರೀ ನೀರು, ಇನ್ನೊಂದು ಪಾಲು ಲೀಟರಿಗೆ 35–40 ಗ್ರಾಂ ಉಪ್ಪಿನದು. ಉಪ್ಪಿನವು ಮೀನು–ಮಾಂಸದ ಪಕ್ಕಕ್ಕೆ ಮಾತ್ರ. ಎರಡಕ್ಕೂ ಮುಚ್ಚಳದ ಬಣ್ಣ ಬೇರೆ ಇರಲಿ, ಬಾಯಾರಿದವರು ಉಪ್ಪಿನದನ್ನು ಎತ್ತಿಕೊಂಡರೆ ಕಷ್ಟ.

ಎರಡು ಲೀಟರಿನ ಬಾಟಲಿ ಬೇಡ, ನಡುವಿನವರೆಗೆ ಗಟ್ಟಿಯಾಗಲು ಎರಡು ದಿನ ಹಿಡಿಯುತ್ತದೆ. ಒಂದು ಲೀಟರಿನದು, ಅರ್ಧ ಲೀಟರಿನದು ಸರಿ. ನೀರಿನ ತೆಳು ಬಾಟಲಿಗಳು ಮೂರನೇ ಸಲಕ್ಕೆ ತಳದಲ್ಲಿ ಬಿರಿಯುತ್ತವೆ. ಸೋಡಾ, ಜ್ಯೂಸ್ ತುಂಬಿ ಬರುವ ದಪ್ಪನೆಯವು ಎರಡು ಮೂರು ಮಳೆಗಾಲ ಬರುತ್ತವೆ. ಕುತ್ತಿಗೆಯ ಕೆಳಗೆ ನಾಲ್ಕು ಬೆರಳು ಖಾಲಿ ಬಿಡಬೇಕು. ಗಾಜಿನದು ಬೇಡವೇ ಬೇಡ.

ಒಂದೇ ಸಲಕ್ಕೆ ಆರು ಲೀಟರ್ ತುರುಕಿದ್ದು ಎರಡನೇ ತಪ್ಪು. ಕಂಪ್ರೆಸರ್ ರಾತ್ರಿಯಿಡೀ ನಿಲ್ಲದೆ ಓಡಿತು, ಸಂಜೆಯ ವೋಲ್ಟೇಜೂ ಕಡಿಮೆ, ಕಂಪ್ರೆಸರ್ ಕಾದಾಗ ಕರೆಂಟ್ ಕಡಿಯುವ ಓವರ್‌ಲೋಡ್ ಸ್ವಿಚ್ ಬಿದ್ದು ಬಿದ್ದು ಎದ್ದಿತು. ದಿನಕ್ಕೆರಡು ಬಾಟಲಿ, ಅದೂ ರಾತ್ರಿ ಹತ್ತರ ಮೇಲೆ. ಮೇ ಕೊನೆಯ ವಾರ ಶುರು ಮಾಡಿದರೆ ಮಳೆ ಕೂರುವ ಹೊತ್ತಿಗೆ ಪೆಟ್ಟಿಗೆ ತುಂಬಿರುತ್ತದೆ. ಆರು ಲೀಟರ್ ಗಟ್ಟಿಯಾಗಲು ತಿನ್ನುವ ಕರೆಂಟ್ ಅರ್ಧದಿಂದ ಮುಕ್ಕಾಲು ಯೂನಿಟ್.

ಐಸ್ ಪೆಟ್ಟಿಗೆ ತುಂಬ ಆರು ಲೀಟರ್, ಕೆಳಗೆ ತರಕಾರಿ ಡಬ್ಬದ ಮೇಲೆ ಐದಾರು ಲೀಟರ್ ಬರೀ ತಣ್ಣೀರು. ಜುಲೈನಲ್ಲಿ ಅಡುಗೆಮನೆಯೇ 20–22 ಡಿಗ್ರಿ ಇರುವುದರಿಂದ ಇಷ್ಟರಲ್ಲಿ ಮೂವತ್ತು ಗಂಟೆ ದಾಟುತ್ತದೆ. ಇದೇ ಜೋಡಣೆಯನ್ನು ಏಪ್ರಿಲ್‌ನಲ್ಲಿ ಪರೀಕ್ಷಿಸಿದಾಗ 19 ಗಂಟೆಗೆ ಮುಗಿಯಿತು. ಅರಸೀಕೆರೆ, ಕಡೂರಿನ ಬಯಲಿನವರು ನನ್ನ ಅಂಕಿ ನಂಬಿ ಬೇಸಿಗೆಯಲ್ಲಿ ಕೂರಬೇಡಿ.  

ಎರಡು ಬಾಗಿಲಿನ ಫ್ರಾಸ್ಟ್‌ಫ್ರೀ (ಮಂಜು ತಾನಾಗಿ ಕರಗುವ ಫ್ರಿಜ್) ಇರುವವರು ಇಲ್ಲಿ ನಿಂತು ಓದಬೇಕು. ಒಂಟಿ ಬಾಗಿಲಿನದರಲ್ಲಿ ಮೇಲಿನ ಪೆಟ್ಟಿಗೆಯ ತಂಪು ತಾನೇ ಕೆಳಗಿಳಿಯುತ್ತದೆ. ಫ್ರಾಸ್ಟ್‌ಫ್ರೀಯಲ್ಲಿ ತಂಪನ್ನು ಕೆಳಗೆ ತಳ್ಳುವುದು ಫ್ಯಾನ್. ಕರೆಂಟ್ ಹೋದರೆ ಫ್ಯಾನ್ ನಿಂತಿತು. ಫ್ರೀಜರ್ ಕಲ್ಲಿನಂತಿದ್ದರೂ ಕೆಳಗಿನ ಹಾಲು ಐದಾರು ಗಂಟೆಗೇ ಕೈಕೊಡುತ್ತದೆ. ಕರೆಂಟ್ ಹೋಗಿ ಎರಡು ಗಂಟೆಯಾಗುತ್ತಲೇ ಮೂರು ಬಾಟಲಿಗಳನ್ನು ಕೈಯಾರೆ ಕೆಳಗಿನ ಭಾಗದ ಮೇಲ್ತಟ್ಟೆಗೆ, ಅಡಿಗೊಂದು ಟ್ರೇ ಹಾಕಿ, ಇಳಿಸಬೇಕು. ಸಕಲೇಶಪುರದ ಕಡೆಯ ಒಂದು ಮನೆಯಲ್ಲಿ ‘ನಿಮ್ಮ ವಿಧಾನ ಸುಳ್ಳು’ ಅಂದದ್ದು ಈ ಕಾರಣಕ್ಕೇ. ಬಾಟಲಿ ಕೆಳಗಿಳಿಸಿದ ಮೇಲೆ ಅಲ್ಲೂ ಒಂದು ದಿನ ದಾಟಿತು.

ಬಾಟಲಿ ಎಷ್ಟೇ ಇರಲಿ, ಬಾಗಿಲ ರಬ್ಬರ್ ಸರಿಯಿಲ್ಲದಿದ್ದರೆ ಎಲ್ಲ ಹೊಳೆಗೆ ಹಾಕಿದ ಹುಣಸೆಹಣ್ಣು. ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯುವ ಪರೀಕ್ಷೆಯನ್ನು ಎಲ್ಲರೂ ಹಿಡಿಯ ಕಡೆ ಮಾಡುತ್ತಾರೆ, ಸೋರುವುದು ಹೆಚ್ಚಾಗಿ ಕೀಲಿನ ಕಡೆಯ ಕೆಳಮೂಲೆಯಲ್ಲಿ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚ್ ಹೊತ್ತಿಸಿ ಒಳಗಿಟ್ಟು ಬಾಗಿಲು ಹಾಕಿದರೆ ಸಂದಿ ತಾನೇ ತೋರಿಸಿಕೊಡುತ್ತದೆ. ರಬ್ಬರ್ ಸೊಟ್ಟಗಾಗಿದ್ದರೆ ಕಿತ್ತು, ಕೈ ಅದ್ದಿದರೆ ಚುರುಕ್ ಎನ್ನುವಷ್ಟು, ಅಂದರೆ ಸುಮಾರು 60 ಡಿಗ್ರಿಯ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ನೆಲದ ಮೇಲೆ ನೇರವಾಗಿ ಹಾಸಿ ಆರಿಸಿ, ಮತ್ತೆ ಕೂರಿಸಿ ರಾತ್ರಿಯಿಡೀ ಬಾಗಿಲು ಬಿಗಿದಿಡಬೇಕು. ಕುದಿಯುವ ನೀರಿಗೆ ಹಾಕಿದ ಒಂದು ರಬ್ಬರ್ ಹಾವಿನಂತೆ ಸುರುಳಿ ಸುತ್ತಿಕೊಂಡು ದಂಡವಾಯಿತು. ಹೊಸದಕ್ಕೆ ಚಿಕ್ಕಮಗಳೂರಿನಲ್ಲಿ ನಾನೂರೈವತ್ತೋ ಐನೂರೋ ತೆತ್ತ ನೆನಪು. ಕಪ್ಪು ಬೂಷ್ಟಿಗೆ ಅಡುಗೆ ಸೋಡಾ ಕಲಸಿ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜುವುದು. ಬ್ಲೀಚಿಂಗ್ ಹಾಕಿದರೆ ರಬ್ಬರ್ ಬಿರುಸಾಗುತ್ತದೆ. ಕೊಬ್ಬರಿ ಎಣ್ಣೆ ಸವರಿ ನೋಡಿದ್ದೂ ಆಯಿತು: ಇರುವೆ, ಧೂಳು, ಮೇಲೊಂದು ಮುಗ್ಗಲು ವಾಸನೆ. ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ, ಅದೂ ಕೀಲಿನ ಬದಿಗೆ ಮಾತ್ರ.

ಮುಂದಿನ ಕಾಲುಗಳನ್ನು ಐದಾರು ಮಿಲಿಮೀಟರ್ ಎತ್ತರಿಸಿದರೆ ಅರ್ಧ ತೆರೆದ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಕಾಸಿಲ್ಲದ ಕೆಲಸ. ಹೊಸ ಮಾದರಿಗಳಲ್ಲಿ ಹಿಂದಿನ ಕರಿ ಜಾಲರಿ ಇಲ್ಲ, ಶಾಖ ಹೊರಹೋಗುವುದು ಎರಡು ಪಕ್ಕದ ತಗಡಿನಿಂದ. ಪಕ್ಕಕ್ಕೆ ಅಕ್ಕಿ ಮೂಟೆ ಒರಗಿಸುವುದು, ಪ್ಲಾಸ್ಟಿಕ್ ಕವರ್ ಹೊದಿಸುವುದು ಎರಡೂ ಬೇಡ. ಸುತ್ತ ನಾಲ್ಕು ಇಂಚು ಬಿಡಿ. ಮಳೆಗಾಲದಲ್ಲಿ ಫ್ರಿಜ್ ಮೈಮೇಲೆ ಬೆವರು ಇಳಿಯುವುದು ಗಾಳಿಯ ತೇವದಿಂದ. ಅದನ್ನು ಕಂಡು ಥರ್ಮೋಸ್ಟ್ಯಾಟ್ ಅಂಕಿ ಏರಿಸಿದರೆ ಬೆವರು ಇನ್ನೂ ಹೆಚ್ಚು. ಅಂದ ಹಾಗೆ ಆ ಅಂಕಿ ಡಿಗ್ರಿ ಅಲ್ಲ. ಇನ್ನೂರೈವತ್ತು ರೂಪಾಯಿಯ ತಂತಿ ಥರ್ಮಾಮೀಟರ್ ತಂದು ನೀರಿನ ಲೋಟದಲ್ಲಿ ಇಳಿಬಿಟ್ಟು, ಅದು 4 ಡಿಗ್ರಿಗೆ ನಿಲ್ಲುವಂತೆ ಥರ್ಮೋಸ್ಟ್ಯಾಟ್ ತಿರುಗಿಸಿ.

ಕರೆಂಟ್ ಹೋದಾಗ ಕೆಡುವುದು ಹಾಲು, ಬಂದಾಗ ಕೆಡುವುದು ಕಂಪ್ರೆಸರ್. ಕೊಂಬೆ ಬಿದ್ದು ನ್ಯೂಟ್ರಲ್ ಕಡಿದರೆ ಸಿಂಗಲ್ ಫೇಸ್ ಮನೆಗೂ 300 ವೋಲ್ಟಿನ ಮೇಲೆ ನುಗ್ಗುತ್ತದೆ. ಡಿಸೆಂಬರ್–ಜನವರಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ನೀರಿಗೆ ಸ್ಪ್ರಿಂಕ್ಲರ್ ಮೋಟಾರ್ ಓಡುವಾಗ ಸಂಜೆ 150–160ಕ್ಕೆ ಕುಸಿಯುತ್ತದೆ. ಒಂಬೈನೂರರ ಸ್ಟೆಬಿಲೈಸರ್ ಸಾಕೆಂದು ಜಿಪುಣತನ ಮಾಡಿದ್ದಕ್ಕೆ ಕಂಪ್ರೆಸರ್ ಮತ್ತು ಗ್ಯಾಸ್ ಸೇರಿ ಆರೂವರೆ ಸಾವಿರ ಕೈಬಿಟ್ಟಿತು. ಅದರಲ್ಲಿ ಡಿಲೇ, ಅಂದರೆ ಕರೆಂಟ್ ಬಂದ ಮೇಲೆ ಕೊಂಚ ತಡೆದು ಬಿಡುವ ವ್ಯವಸ್ಥೆ, ಇರಲಿಲ್ಲ. ಕರೆಂಟ್ ಎರಡು ಸೆಕೆಂಡಿಗೊಮ್ಮೆ ಹೋಗಿ ಬಂದಾಗ, ಪೈಪಿನೊಳಗಿನ ಒತ್ತಡ ಇಳಿಯುವ ಮೊದಲೇ ಕಂಪ್ರೆಸರ್ ಎದ್ದೇಳಲು ಹೆಣಗುತ್ತದೆ: ಹೂಂ... ಟಿಕ್. ಮತ್ತೆ ಹೂಂ... ಟಿಕ್. ಆ ಸದ್ದು ಕೇಳಿದೊಡನೆ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. 130ರಿಂದ 290ರವರೆಗೆ ತಡೆಯುವ, ಹೈ ಕಟ್ (ವೋಲ್ಟೇಜ್ ಮಿತಿ ಮೀರಿದರೆ ಕಡಿಯುವುದು) ಮತ್ತು ಮೂರು ನಿಮಿಷ ಡಿಲೇ ಇರುವ ಸ್ಟೆಬಿಲೈಸರ್ ಎರಡು ಸಾವಿರದ ಆಜುಬಾಜಿಗೆ ಸಿಗುತ್ತದೆ. ಇನ್ನು ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಫ್ರಿಜ್ ಹಾಕಿದರೆ ಕಂಪ್ರೆಸರ್ ಗೊರಗೊರ ಎನ್ನುತ್ತ ಬಿಸಿಯೇರುತ್ತದೆ, ಆ ದಾರಿ ಬೇಡ. ಗುಡುಗು ಶುರುವಾದರೆ ಸ್ವಿಚ್ ಆರಿಸಿದ್ದು ಸಾಲದು, ಪ್ಲಗ್ಗೇ ಹೊರಗೆ ಬರಬೇಕು.

ಹಿಡಿ ಮುಟ್ಟಿದರೆ ಜುಂ ಎನ್ನುವ ಫ್ರಿಜ್‌ಗಳನ್ನು ‘ಮಳೆಗಾಲ ಅಲ್ವಾ’ ಎಂದು ಬಿಡುವವರಿದ್ದಾರೆ. ಮೀಟರ್ ಹಿಡಿದು ನೋಡಿ: ಫೇಸ್–ಅರ್ತ್ ವೋಲ್ಟೇಜು ಫೇಸ್–ನ್ಯೂಟ್ರಲ್‌ಗೆ ಹೆಚ್ಚುಕಡಿಮೆ ಸಮ ಇರಬೇಕು. ಬಹಳ ಕಡಿಮೆ ತೋರಿಸಿದರೆ ಮೂರನೇ ಪಿನ್ ಅಲಂಕಾರಕ್ಕಿದೆ ಎಂದರ್ಥ. ಅರ್ತ್ ಗುಂಡಿ ಸರಿಮಾಡಿಸಿ, ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಹಾಕಿಸುವವರೆಗೆ ಆ ಫ್ರಿಜ್ ಬಳಸಬಾರದು. ಫ್ರಾಸ್ಟ್‌ಫ್ರೀಯಲ್ಲಿ ಆಮೇಲೂ ದಿನಕ್ಕೊಮ್ಮೆ ಟ್ರಿಪ್ ಆಗುತ್ತಿದ್ದರೆ ಮೊದಲ ಅನುಮಾನ ತೇವ ಹಿಡಿದ, ಮಂಜು ಕರಗಿಸುವ ಡಿಫ್ರಾಸ್ಟ್ ಹೀಟರ್ ಮೇಲೆ.

ಒಂಟಿ ಬಾಗಿಲಿನದರ ಐಸ್ ಪೆಟ್ಟಿಗೆಯಲ್ಲಿ ಮಂಜು ಅರ್ಧ ಸೆಂಟಿಮೀಟರ್ ದಾಟಿದರೆ ಕರಗಿಸುವ ಗುಂಡಿ ಒತ್ತಿ, ಪೆಟ್ಟಿಗೆಯಲ್ಲಿ ಬಿಸಿನೀರಿನ ಪಾತ್ರೆಯೊಂದನ್ನು ಇಡಿ. ಚಾಕು ಬೇಡ. ಆ ಅಲ್ಯೂಮಿನಿಯಂ ಹಾಳೆಯಲ್ಲೇ ಗ್ಯಾಸ್ ಓಡುವುದು. ಚಾಕು ತಾಗಿ ತೂತಾದ ಒಂದು ಪೆಟ್ಟಿಗೆಗೆ ಎಪಾಕ್ಸಿ ಮೆತ್ತಿ ಗ್ಯಾಸ್ ತುಂಬಿಸಿದ್ದು ನಾಲ್ಕೇ ತಿಂಗಳು ಬಾಳಿತು, ಎರಡು ಸಾವಿರ ನೀರಿಗೆ. ಕಂಪ್ರೆಸರ್ ಚೀಟಿಯ ಮೇಲೆ ಆರ್‌600ಎ ಎಂದಿದ್ದರೆ ಒಳಗಿರುವುದು ಐಸೋಬ್ಯುಟೇನ್, ಉರಿಯುವ ಅನಿಲ. ಐವತ್ತು ಗ್ರಾಂ ಆಸುಪಾಸು ಇರಬಹುದು, ಆದರೆ ಮುಚ್ಚಿದ ಅಡುಗೆಮನೆಯಲ್ಲಿ ಕಿಡಿಗೆ ಅಷ್ಟು ಸಾಕು. ಬುಸ್ ಎಂದರೆ ಕಿಟಕಿ ತೆರೆಯಿರಿ, ಒಲೆ ಆರಿಸಿ, ಹತ್ತಿರದ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಅದರ ಪೈಪಿಗೆ ಬಂದವನೇ ಬೆಸುಗೆಯ ಗ್ಯಾಸ್ ಟಾರ್ಚ್ ಹಚ್ಚುವ ಮೆಕ್ಯಾನಿಕ್‌ನನ್ನು ಕಾಫಿ ಕುಡಿಸಿ ವಾಪಸ್ ಕಳಿಸಿ.

ತರಕಾರಿ ಡಬ್ಬದ ಅಡಿಯಲ್ಲಿ ನೀರು ನಿಂತರೆ ಹಿಂದಿನ ಸಣ್ಣ ತೂತು ಕಟ್ಟಿದೆ. ತಂತಿ ಹಾಕಿದರೆ ಪೈಪ್ ಹರಿಯುತ್ತದೆ. ಕಳೆ ಹೊಡೆಯುವ ಯಂತ್ರದ ನೈಲಾನ್ ದಾರ ಎಲ್ಲ ತೋಟದಲ್ಲೂ ಇದೆ. ಒಂದಡಿ ತುಂಡು ಮಾಡಿ, ತುದಿಯನ್ನು ಬೆಂಕಿಗೆ ಹಿಡಿದು ಉಂಡೆಯಾಗಿಸಿ ತೂರಿಸಿ, ಮೇಲಿಂದ ಸಿರಿಂಜಿನಲ್ಲಿ ಬೆಚ್ಚನೆಯ ನೀರು ಬಿಡಿ. ಇದಕ್ಕಿಂತ ಒಳ್ಳೆಯ ಉಪಕರಣ ನಾನು ಕಂಡಿಲ್ಲ.

ಒಳಗಿನ ಸಾಮಾನಿನ ಬಗ್ಗೆ ಹೆಚ್ಚೇನಿಲ್ಲ. ಹಸಿ ಪಂದಿ ಮಾಂಸ, ಮೀನು ಎಲ್ಲಕ್ಕಿಂತ ಕೆಳಗೆ ಮುಚ್ಚಿದ ಡಬ್ಬದಲ್ಲಿ, ರಸ ಕಳಲೆ ಪಲ್ಯದ ಮೇಲೆ ತೊಟ್ಟಿಕ್ಕದಂತೆ. ಸಾರು ಆರಿದ ಮೇಲೆ, ಮುಚ್ಚಿಯೇ ಇಡಬೇಕು. ತೆರೆದಿಟ್ಟ ಪಾತ್ರೆಯ ಆವಿಯೇ ಮೇಲೆ ಮಂಜಾಗುವುದು. ಕರೆಂಟ್ ಹೋದಾಗ ದಿನಕ್ಕೆ ಎರಡೇ ಸಲ ಬಾಗಿಲು. ಥರ್ಮಾಮೀಟರ್ 5 ದಾಟಿ ನಾಲ್ಕು ಗಂಟೆಯಾದರೆ ಹಾಲು, ಮಾಂಸ, ಅನ್ನ ಎಲ್ಲ ಹೊರಗೆ. ಮೂಸಿ ನೋಡಿ ತೀರ್ಮಾನಿಸಬೇಡಿ, ಹೊಟ್ಟೆ ಕೆಡಿಸುವುದಕ್ಕೆಲ್ಲ ವಾಸನೆ ಇರುವುದಿಲ್ಲ. ಮನೆಯಲ್ಲಿ ಇಲ್ಲದಾಗ ಕರೆಂಟ್ ಹೋಗಿ ಬಂದಿದೆಯೇ ಎಂದು ತಿಳಿಯಲು ಐಸ್ ಕಟ್ಟಿದ ಲೋಟದ ಮೇಲೊಂದು ರೂಪಾಯಿ ಇಟ್ಟಿರಿ. ನಾಣ್ಯ ತಳದಲ್ಲಿದ್ದರೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ.

ಕಾಫಿಪುಡಿಯನ್ನು ಫ್ರಿಜ್‌ನಲ್ಲಿಟ್ಟು ನೋಡಿದ್ದೂ ಉಂಟು. ದಿನಾ ತೆಗೆದು ಹಾಕುವ ಡಬ್ಬದಲ್ಲಿ ಪುಡಿ ಬೆವರಿ ಎರಡು ವಾರಕ್ಕೆ ಸಪ್ಪೆ. ವಾರಕ್ಕಾಗುವಷ್ಟೇ ಪೊಟ್ಟಣ ಕಟ್ಟಿ ಫ್ರೀಜರ್‌ಗೆ ಹಾಕಿ, ಹೊರತೆಗೆದದ್ದು ಕೋಣೆಯ ಬಿಸಿಗೆ ಬಂದ ಮೇಲೆಯೇ ಒಡೆದಾಗ ಪರವಾಗಿಲ್ಲ ಅನ್ನಿಸಿತು. ಇನ್ನೊಂದು ಸಲ ಸತ್ತ ಫ್ರಿಜ್‌ನ ಗೂಡಿಗೆ ಬಲ್ಬು ಹಾಕಿ ಹಪ್ಪಳ–ಸಂಡಿಗೆಗೆ ಬೆಚ್ಚನೆಯ ಕಪಾಟು ಮಾಡಿದೆ. 40 ವ್ಯಾಟಿನದು ಒಳಗಿನ ಪ್ಲಾಸ್ಟಿಕ್ಕನ್ನು ಗುಳ್ಳೆ ಎಬ್ಬಿಸಿತು. 15 ವ್ಯಾಟಿನದನ್ನು ತಳದಲ್ಲಿ ಹೆಂಚಿನ ಮೇಲೆ ನಿಲ್ಲಿಸಿದಾಗ ಪುಷ್ಯ ಮಳೆಯಲ್ಲೂ ಹಪ್ಪಳ ಗರಿಗರಿ. ಚಿಕ್ಕ ಮಕ್ಕಳಿರುವ ಮನೆಯಾದರೆ ಅಂಥ ಗೂಡಿನ ಬಾಗಿಲು ಕಿತ್ತು ಪರದೆ ಕಟ್ಟಿ.

ಇಲಿ ವೈರ್ ಕಡಿಯುತ್ತದೆಂದು ಹಿಂದೆ ನುಸಿ ಗುಳಿಗೆ ಇಟ್ಟದ್ದು ದಡ್ಡತನ. ಬೆಣ್ಣೆಗೂ ಅದೇ ವಾಸನೆ. ಈಗ ಕೋಳಿಗೂಡಿನ ಜಾಲರಿ ತುಂಡನ್ನು, ಗಾಳಿ ಆಡುವಂತೆ, ಪ್ಲಗ್ ಕಿತ್ತೇ ಬಿಗಿಯುತ್ತೇನೆ. ಹಾಗೆ ಹಿಂದೆ ಬಗ್ಗಿದಾಗ ಕಂಪ್ರೆಸರ್ ಮೇಲಿನ ನೀರಿನ ತಟ್ಟೆಯನ್ನೂ ಎಳೆದು ತೊಳೆಯಿರಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದ ವರ್ಷ ನಾಲ್ಕಾರು ಮನೆಗಳ ತಟ್ಟೆ ಎಳೆದು ನೋಡಿದೆ. ಎರಡರಲ್ಲಿ ಸೊಳ್ಳೆಮರಿ ಕುಣಿಯುತ್ತಿದ್ದವು. ಕಂಪ್ರೆಸರ್ ಓಡುವಾಗ ಅದರ ಬಿಸಿಗೇ ತಟ್ಟೆ ಒಣಗುತ್ತದೆ. ಕರೆಂಟಿಲ್ಲದ ವಾರದಲ್ಲಿ ಒಣಗುವುದಿಲ್ಲ, ಆ ವಾರ ಎರಡು ಸಲ ಚೆಲ್ಲಬೇಕು.